ಸ್ವೆಟರಿನೊಳಗೆ ಸಾಗಿಸಿದ ಕಾರ್ಡು

ಅಂಗಡಿಯಲ್ಲಿ ಕೊಂಡು ತರುವವನು ಬರೀ ಗಿರಾಕಿ, ಕೈಯಾರೆ ಮಾಡಿಕೊಳ್ಳುವವನು ಮನುಷ್ಯ! ಸ್ಟೂರೆ ಈ ಘೋಷಣೆ ಹೊರಡಿಸಿದ್ದು ವೆಸ್ಟೆರೋಸ್ ಪಟ್ಟಣದ ತನ್ನ ಮೂರನೇ ಮಹಡಿಯ ಮನೆಯಲ್ಲಿ, ಕಾಫಿಯ ಮುಂದೆ, ಬಾಯಿತುಂಬ ದಾಲ್ಚಿನ್ನಿ ಬನ್ನು ತುಂಬಿಕೊಂಡು. ಒಂದು ಕಾಲದಲ್ಲಿ ಪ್ರತಿಭಟನೆಗೆಂದು ಅಣುಸ್ಥಾವರದ ಗೇಟಿಗೆ ತನ್ನನ್ನು ತಾನೇ ಸರಪಳಿಯಿಂದ ಬಿಗಿದುಕೊಂಡು ಕೂತಿದ್ದ ಗಂಡಸು ಒಂದು ಹಳೇ ಕಂಪ್ಯೂಟರಿಗೆ ಹೆದರುತ್ತಾನೆಯೇ?

ಕಂಪ್ಯೂಟರು ಅವನ ಯೌವನದ ಕಾಲದ್ದು. ಅದರೊಳಗಿನ, ಫ್ಲಾಪಿ ಓದುವ ಸರ್ಕಿಟ್ ಕಾರ್ಡು ಇನ್ನೂ ಹಿಂದಿನದು. ಮಾಹಿತಿಯನ್ನು ಒತ್ತೊತ್ತಾಗಿ ತುಂಬಿದ ಫ್ಲಾಪಿ ಕೊಟ್ಟರೆ ಗೊರಗೊರ ಎಂದು ಸುಮ್ಮನಾಗಿಬಿಡುತ್ತಿತ್ತು. ಅಂಥದೊಂದು ಫ್ಲಾಪಿ ಮನೆಯಲ್ಲಿತ್ತು. ನಲವತ್ತು ವರ್ಷದ ಕೆಳಗೆ ಹೆಂಡತಿ ಗುನ್ವೊರ್ ಕಲಿಕಾ ಕೂಟದ ಕಂಪ್ಯೂಟರಿನಲ್ಲಿ ಒಂದು ಸ್ವೆಟರಿನ ನಮೂನೆ ಬಿಡಿಸಿ ಅದರಲ್ಲಿ ಉಳಿಸಿದ್ದಳು. ಕೆಂಪು ಮೈ, ಎದೆಯ ಸುತ್ತ ಹಳದಿ ಸೂರ್ಯರ ಸಾಲು. ಹೆಣೆದ ಸ್ವೆಟರು ಪ್ರತಿ ಮೇ ಒಂದರ ಕಾರ್ಮಿಕ ದಿನದ ಮೆರವಣಿಗೆಯಲ್ಲಿ ಅವಳ ಮೈಮೇಲೆ; ನಮೂನೆ ಮಾತ್ರ ಅಂದಿನಿಂದ ಫ್ಲಾಪಿಯೊಳಗೆ ಬಂದಿ. ಹೊಸ ಕಾರ್ಡು ಕಟ್ಟಿ ಆ ಸೂರ್ಯರನ್ನು ಬಿಡುಗಡೆ ಮಾಡುವುದಾಗಿ ಸ್ಟೂರೆ ಪಣ ತೊಟ್ಟ.

"ಊಟದ ಮೇಜು ಸುಡದೇ ಇದ್ರೆ ಸಾಕು ಕಣೋ," ಅಂದಳು ಗುನ್ವೊರ್.

ಮೇಜು ಎರಡೇ ಕಡೆ ಸುಟ್ಟಿತು. ಕಾರ್ಡಿನ ಚಿಪ್‌ಗಳು ಸಕ್ಕರೆ ಡಬ್ಬಿಯಲ್ಲಿ, ಸ್ಕ್ರೂಗಳು ಆಲೂಗಡ್ಡೆ ಸೋಸುವ ಜರಡಿಯಲ್ಲಿ. ಗಂಡಹೆಂಡಿರ ಊಟ ಸಿಂಕಿನ ಪಕ್ಕ, ನಿಂತುಕೊಂಡು. ಕೊನೆಗೂ ಕಾರ್ಡು ಸಿದ್ಧವಾಯಿತು, ಆದರೆ ಮೈಯೆಲ್ಲ ಬೆಸುಗೆಯ ಅಂಟು. ತೊಳೆದ, ಮುಕ್ಕಾಲು ಅಂಟು ಹೋಯಿತು. ಈಗ ಚೆನ್ನಾಗಿ ಒಣಗಬೇಕು. ನೆಲಮಾಳಿಗೆಯಲ್ಲಿ ಎಲ್ಲ ಮನೆಗಳಿಗೂ ಸೇರಿದ ಒಗೆಯುವ ಕೋಣೆ, ಅಲ್ಲಿ ಬಟ್ಟೆ ಒಣಗಿಸುವ ಬಿಸಿಗಾಳಿಯ ಬೀರು. ಅದು ಸರಿ, ಆದರೆ ಅವತ್ತು ಸರದಿ ಕೆಳಗಿನ ಮನೆಯ ರಗ್ನಿಲ್ಡಳದು. ಇನ್ನೊಬ್ಬರ ಸರದಿಗೆ ಕೈಹಾಕುವುದು ಆ ಕಟ್ಟಡದಲ್ಲಿ ಕೊಲೆಗಿಂತ ಒಂದೇ ಮೆಟ್ಟಿಲು ಕೆಳಗಿನ ಅಪರಾಧ.

ಸ್ಟೂರೆಗೆ ಹಳೇ ವಿದ್ಯೆ ನೆನಪಾಯಿತು. ಒಂದು ಕಾಲದಲ್ಲಿ ಪೊಲೀಸರ ಕಣ್ಣೆದುರೇ ಸ್ವೆಟರಿನೊಳಗೆ ಕರಪತ್ರ ಸಾಗಿಸಿದವನು ಅವನು. ಮೊಳೆಗೆ ನೇತುಹಾಕಿದ್ದ ಗುನ್ವೊರಳ ಸ್ವೆಟರೊಳಗೆ ಕಾರ್ಡನ್ನು ಸೇರಿಸಿ, ಬೀರುವಿನ ಮೂಲೆಯಲ್ಲಿ ತೂಗುಹಾಕಿ, ಸಿಳ್ಳೆ ಹೊಡೆಯುತ್ತ ಮೇಲೆ ಬಂದ.

ಒಂದೆರಡು ಗಂಟೆ ಕಳೆದು ಯಾರೋ ಬಾಗಿಲು ತಟ್ಟಿದರು. ರಗ್ನಿಲ್ಡ್. ಒಂದು ಕೈಯಲ್ಲಿ ಕಾರ್ಡು. ಬೀರುವಿನ ಯಾವುದೋ ಭಾಗ ಕಳಚಿಬಿದ್ದಿದೆ, ರಿಪೇರಿಯವರಿಗೆ ಫೋನು ಮಾಡಿದ್ದೇನೆ ಎಂದಳು. ಇನ್ನೊಂದು ಕೈಯಲ್ಲಿ ಏನೋ ಕೆಂಪಗೆ, ಕೂಸಿನ ಅಂಗಿಯಷ್ಟು.

"ಗುನ್ವೊರ್ ಸ್ವೆಟರಿಗೆ ಅಂಟು ಮೆತ್ಕೊಂಡಿತ್ತು. ಪಾಪ ಅಂತ ನನ್ನ ದುಪ್ಪಟಿಗಳ ಜೊತೆ ಕುದಿನೀರಲ್ಲಿ ಹಾಕ್ದೆ. ಇರ್ಲಿ ಬಿಡು, ಥ್ಯಾಂಕ್ಸ್ ಎಲ್ಲ ಬೇಡ."

ಸ್ವೆಟರು ಈಗ ರಗ್ನಿಲ್ಡಳ ಗಿಡ್ಡಕಾಲಿನ ನಾಯಿಗೆ ಅಳತೆ ಕೊಟ್ಟು ಹೊಲಿಸಿದಂತಿತ್ತು. ಉಣ್ಣೆ ಬೆಂದು ಗಟ್ಟಿಯಾಗಿ, ನಮೂನೆ ನಕಲಿಸಲು ಕುಣಿಕೆ ಎಣಿಸುವಂತೆಯೂ ಇರಲಿಲ್ಲ. ಮೇ ಒಂದಕ್ಕೆ ಒಂದು ತಿಂಗಳೂ ಇಲ್ಲ. ಗುನ್ವೊರ್ ಅದನ್ನು ಗಂಡನ ಎದೆಗೆ ಹಿಡಿದು ಅಳತೆ ನೋಡಿದಳು. ಸ್ಟೂರೆ ತೊದಲುತ್ತ, ಪೇಟೆಗೆ ಹೋಗಿ ಒಳ್ಳೇ ಸ್ವೆಟರೊಂದನ್ನು ಕೊಂಡು ತರುತ್ತೇನೆ ಎಂದ.

"ಕೊಂಡು ತರೋನನ್ನ ಏನಂತ ಕರೆದಿದ್ದೆ ನೀನು?" ಅಂದಳು ಗುನ್ವೊರ್.

ಸ್ಟೂರೆ ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಫ್ಲಾಪಿ ತೂರಿಸಿದ. ಸುಮ್ಮನಿತ್ತು. ನೋಡಿದರೆ ಒಂದು ಚಿಪ್ ಹಿಂದುಮುಂದಾಗಿ ಕೂತಿತ್ತು. ತಿರುಗಿಸಿ ಕೂರಿಸಿ ಮತ್ತೆ ಗುಂಡಿ ಒತ್ತಿದ. ಫ್ಲಾಪಿ ಡ್ರೈವು ಕ್ಯಾಕರಿಸಿತು, ಕೆಮ್ಮಿತು, ಓದತೊಡಗಿತು! ಪರದೆಯ ಮೇಲೆ ಒಬ್ಬೊಬ್ಬನೇ ಸೂರ್ಯ ಹುಟ್ಟಿದ. ಪ್ರಿಂಟರು ಕಿರಿಚುತ್ತ ಅಡುಗೆಮನೆಯಿಂದ ಬಾಗಿಲವರೆಗೆ ಕಾಗದ ಹಾಸಿತು. ಗುನ್ವೊರ್ ಕೇಕೆ ಹಾಕಿ ನಕ್ಕು, ಗಂಡನ ಬೋಳುತಲೆಗೆ ಮುತ್ತು ಕೊಟ್ಟಳು. ಆಮೇಲೆ ಅವನ ತೊಡೆಯ ಮೇಲೆ ಎರಡು ಹೆಣಿಗೆ ಕಡ್ಡಿ, ಕೆಂಪು ಉಣ್ಣೆಯ ಉಂಡೆ ಇಟ್ಟಳು.

"ಹೂಂ, ಮನುಷ್ಯಾ. ಕೈಯಾರೆ."

ಮೇ ಒಂದರ ಮೆರವಣಿಗೆಯಲ್ಲಿ ಗುನ್ವೊರ್ ಮುಂದಿದ್ದಳು. ಮೈಮೇಲೆ ಹೊಸ ಸ್ವೆಟರು. ಸೂರ್ಯರಲ್ಲಿ ಕೆಲವರಿಗೆ ಗ್ರಹಣ ಹಿಡಿದಿತ್ತು, ಆದರೂ ಸೂರ್ಯರೇ. ಬಲತೋಳು ಪೂರ್ತಿ. ಎಡತೋಳು ಮೊಣಕೈವರೆಗೆ, ಅಲ್ಲಿಂದ ಮುಂದೆ ಕಡ್ಡಿಗಳು, ಕಡ್ಡಿಗಳ ತುದಿಗೆ ಸ್ಟೂರೆ. ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತ, ಜೇಬಿನಿಂದ ನೂಲು ಬಿಡುತ್ತ, ಸೊಂಟ ಬಗ್ಗಿಸಿ ಹೆಣೆಯುತ್ತಿದ್ದ. ಹುಟ್ಟಿದಾರಭ್ಯ ಮೆರವಣಿಗೆಗೆ ಬಾರದ ರಗ್ನಿಲ್ಡ್ ಕೂಡ ಬಂದಿದ್ದಳು. ಅವಳ ನಾಯಿಯ ಮೈಮೇಲೆ ಹಳೇ ಸ್ವೆಟರು. ಜನ ಕೈ ಬೀಸುತ್ತಿದ್ದುದು ನಾಯಿಗೆ.

ಚೌಕದಲ್ಲಿ ಘೋಷಣೆ ಎದ್ದಿತು. ಸಾವಿರ ಮುಷ್ಟಿಗಳು ಮೇಲೆದ್ದವು. ಸ್ಟೂರೆಯ ರಕ್ತವೂ ಕುದಿಯಿತು. ಕಡ್ಡಿ ಹಿಡಿದ ಮುಷ್ಟಿಯನ್ನು ಆಕಾಶಕ್ಕೆ ಎತ್ತಿಯೇಬಿಟ್ಟ.

ಗುನ್ವೊರ್ ತಿರುಗಿಯೂ ನೋಡಲಿಲ್ಲ.

"ಕೈ ಇಳಿಸೋ. ಒಂದಿಡೀ ಸಾಲು ಕುಣಿಕೆ ಕಡ್ಡಿಯಿಂದ ಬಿದ್ದೋಯ್ತು."