ಮುರಕ್ಕಬಾತಿನ ಕಾಫಿ ಸುಂದರಿ

ಕಾಫಿ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತವನಿಗೆ ಮನರಂಜನೆಗೆ ಬೇರೆ ಟಿವಿ ಬೇಡ. ದುಬೈಯ ಅಲ್ ಮುರಕ್ಕಬಾತ್‌ನ ಒಂದು ಕೆಫೆಟೇರಿಯಾಕ್ಕೆ ನಾನು ಹನ್ನೊಂದು ವರ್ಷ ಮ್ಯಾನೇಜರ್ ಆಗಿದ್ದೆ. ಮ್ಯಾನೇಜರ್ ಎಂದರೆ ಬಲ್ಬು ಬದಲಿಸುವವನು ಮತ್ತು ಧಣಿಗಳಿಂದ ಬೈಸಿಕೊಳ್ಳುವವನು. ಅಲ್ಲಿ ವಾರಕ್ಕೊಂದು ತಮಾಷೆ ನಡೆಯದಿದ್ದರೆ ಆ ವಾರ ಅಂಗಡಿಗೆ ರಜೆ ಇತ್ತೆಂದೇ ಅರ್ಥ.

ಈಗ ಹೇಳುವುದೆಲ್ಲ ಒಂದೇ ಬೇಸಿಗೆಯ ಕಥೆ. ಆಗ ಮಾತ್ರ ನನಗೆ ನಗು ಬರುತ್ತಿರಲಿಲ್ಲ. ಪಕ್ಕದಲ್ಲೇ ಎರಡು ಹೊಸ ಕಾಫಿ ಅಂಗಡಿಗಳು ತೆರೆದು, ನಮ್ಮಲ್ಲಿ ನೊಣ ಹೊಡೆಯುವ ಸ್ಥಿತಿ. ಹೊಡೆಯೋಣವೆಂದರೆ, ಬಲದಿಯಾದವರ, ಅಂದರೆ ಅಲ್ಲಿನ ಮುನಿಸಿಪಾಲಿಟಿಯವರ, ಭಯಕ್ಕೆ ನಾವು ನೊಣವನ್ನೂ ಇಟ್ಟುಕೊಂಡಿರಲಿಲ್ಲ. ಧಣಿಗಳು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ಅಕ್ಟೋಬರ್‌ವರೆಗೆ ನೋಡ್ತೇನೆ. ಜನ ಬಾರದಿದ್ರೆ ಖಲಾಸ್, ಬಾಗಿಲು ಹಾಕುವುದೇ." ಅಂಗಡಿ ಮುಚ್ಚಿದರೆ ನನ್ನ ವೀಸಾ ಕ್ಯಾನ್ಸಲ್. ಮಗಳು ಅಲ್ಲೇ ಹತ್ತನೇ ಕ್ಲಾಸಿನಲ್ಲಿದ್ದಳು. ವರ್ಷದ ನಡುವೆ ಅವಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದೆಂದು ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ಅಮೆರಿಕದ ವಿಡಿಯೋ

ನಮ್ಮ ಧಣಿ ಕಾಪು ಕಡೆಯವರು. ದುಬೈಯ ನೈಫ್ ಪೇಟೆಯಲ್ಲಿ ಅವರದೊಂದು ಬಟ್ಟೆ ಅಂಗಡಿ. ಕೆಫೆಟೇರಿಯಾ ಎಂಬುದು ಅವರ ಹವ್ಯಾಸ. ಒಂದು ಬೆಳಿಗ್ಗೆ ಫೋನ್ ಹಿಡಿದುಕೊಂಡೇ ಒಳಗೆ ಬಂದರು. ವಾಟ್ಸಾಪಿನಲ್ಲಿ ಯಾರೋ ವಿಡಿಯೋ ಕಳಿಸಿದ್ದರಂತೆ. ಅಮೆರಿಕದಲ್ಲಿ ರಸ್ತೆ ಬದಿಗೊಂದು ಪುಟ್ಟ ಕಾಫಿ ಗೂಡು, ಅದರ ಕಿಟಕಿಯಲ್ಲಿ ಕರ್ಚೀಫಿನಷ್ಟು ಬಟ್ಟೆ ತೊಟ್ಟ ಹುಡುಗಿ, ಎದುರಿಗೆ ಮೈಲುದ್ದ ಕಾರುಗಳು. ಧಣಿಗಳು ಅದನ್ನು ವ್ಯಾಪಾರದ ದೃಷ್ಟಿಯಿಂದ ನಾಲ್ಕು ಸಲ ನೋಡಿದ್ದರು. ನನ್ನೆದುರು ಐದನೆಯ ಸಲ ನೋಡಿದರು.

"ಲೈನ್ ನೋಡು ಮಾರಾಯ, ಲೈನ್!"

"ಧಣಿ, ಇಲ್ಲಿ ಇದನ್ನು ಮಾಡಿದ್ರೆ ಸಂಜೆಯೊಳಗೆ ನಾವಿಬ್ರೂ ಜೈಲಲ್ಲಿ."

"ನನಗೆಂತ ಹುಚ್ಚಾ? ಬಟ್ಟೆ ಫುಲ್ ಇರ್ಲಿ. ಚಂದದ ಮುಖ ಒಂದು ಎದುರಿಗೆ ಬೇಕು. ಅಷ್ಟೇ ಐಡಿಯಾ."

"ಎದುರಿಗೆ ಈಗ ನಾನೇ ಇದ್ದೇನಲ್ಲ?"

"ಅದನ್ನೇ ಹೇಳುವುದು. ನಿನ್ನನ್ನು ನೋಡಿದವರೇ ಪಕ್ಕದ ಅಂಗಡಿಗೆ ಹೋಗುವುದು."

ಸಂದರ್ಶನ

ಸುದ್ದಿ ಧಣಿಗಳ ಹೆಂಡತಿಗೆ, ಅಂದರೆ ನಮ್ಮೆಲ್ಲರ ಅಕ್ಕನಿಗೆ, ಮುಟ್ಟಿತು. ಹೇಗೆ ಮುಟ್ಟಿತೆಂದು ಕೇಳಬೇಡಿ, ನನಗೂ ಆ ಮನೆಯ ಅನ್ನದ ಋಣವಿದೆ. ಸಂದರ್ಶನದ ದಿನ ಅಕ್ಕ ಬಂದು ಧಣಿಗಳ ಕುರ್ಚಿಯಲ್ಲೇ ಕೂತರು. ಧಣಿಗಳು ಸಕ್ಕರೆ ಮೂಟೆಯ ಮೇಲೆ ಕೂತರು.

ಬಂದವಳು ಫಿಲಿಪೈನ್ಸಿನ ಹುಡುಗಿ. ದೊಡ್ಡ ಹೋಟೆಲಿನಲ್ಲಿ ಆರು ವರ್ಷ ಕಾಫಿ ಮಾಡಿದವಳು. ಹಾಲಿನ ನೊರೆಯಲ್ಲಿ ಎಲೆ, ಹಂಸ ಎಲ್ಲ ಬಿಡಿಸುತ್ತಿದ್ದಳು. ಧಣಿಗಳು ಒಂದು ಪ್ರಶ್ನೆ ಕೇಳಿದರು, ಅಕ್ಕ ಹನ್ನೊಂದು ಕೇಳಿದರು. ಕೊನೆಗೆ, "ಕೆಲಸ ಕೊಡುವ. ಪಾಪ, ಒಳ್ಳೆ ಹುಡುಗಿ. ಯೂನಿಫಾರ್ಮ್ ಮಾತ್ರ ನಾನೇ ಹೊಲಿಸಿ ಕೊಡ್ತೇನೆ" ಎಂದರು.

ಬಟ್ಟೆ ಅಂಗಡಿಯವರ ಮನೆ, ಬಟ್ಟೆಗೆಂಥ ಬರ? ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಕೋಟು ಬಂತು. ತೋಳು ಬೆರಳ ತುದಿ ದಾಟಿತ್ತು. ಮಿಕ್ಕ ಬಟ್ಟೆ ಹಾಳಾಗಬಾರದೆಂದು ಅದರ ಮೇಲೊಂದು ಏಪ್ರನ್ ಬೇರೆ. ಹುಡುಗಿ ಅದನ್ನು ತೊಟ್ಟು ಹೊರಗೆ ಬಂದು, ಗಂಭೀರವಾಗಿ ನನ್ನನ್ನು ಕೇಳಿದಳು: "ಸರ್, ಕಾಫಿ ಮೊದಲಾ, ಆಪರೇಷನ್ ಮೊದಲಾ?"

ಎರಡು ಕಣ್ಣು

"ಮುಖ ಉಂಟಲ್ಲ, ಸಾಕು" ಎಂದು ಧಣಿಗಳು ಸಮಾಧಾನ ಮಾಡಿಕೊಂಡರು. ಮರುವಾರ ಅದೂ ಹೋಯಿತು. ಬಲದಿಯಾದ ನಿಯಮದಂತೆ ಆಹಾರ ಮುಟ್ಟುವವರು ಕೂದಲಿಗೆ ಟೊಪ್ಪಿ, ಬಾಯಿಗೆ ಮಾಸ್ಕ್, ಕೈಗೆ ಗ್ಲೌಸ್ ಹಾಕಲೇಬೇಕು. ಹುಡುಗಿಗೆ ನಿಯಮವೆಂದರೆ ನಿಯಮ.

ಅದಕ್ಕಿಂತ ದೊಡ್ಡ ಪೆಟ್ಟು ಬೇರೆಯಿತ್ತು. ಅಲ್ಲಿ ಕೆಫೆಟೇರಿಯಾಕ್ಕೆ ಬರುವವರು ಕಾರಿನಿಂದ ಇಳಿಯುವುದೇ ಇಲ್ಲ. ಎದುರಿಗೆ ನಿಲ್ಲಿಸಿ ಹಾರ್ನ್ ಹೊಡೆಯುತ್ತಾರೆ, ನಾವೇ ಓಡಬೇಕು. ಇದು ಗೊತ್ತಿದ್ದೂ ಧಣಿಗಳು ಸುಂದರಿಯನ್ನು ಒಳಗೆ ನಿಲ್ಲಿಸಿದ್ದರು. ಉರಿಬಿಸಿಲಿನಲ್ಲಿ ಚಹಾ ಹಿಡಿದು ಓಡುತ್ತಿದ್ದವನು ನಾನು. ಹಾಗಾಗಿ ಹೊಸ ಆಕರ್ಷಣೆಯ ಮೊದಲ ತಿಂಗಳು ಗಿರಾಕಿಗಳು ಕಂಡದ್ದು ನನ್ನ ಬೆವರಿದ ಮುಖವನ್ನೇ.

ಇಳಿದು ಬಂದವರು ಒಬ್ಬರೇ. ಧಾರವಾಡ ಕಡೆಯ ಎಂಜಿನಿಯರ್, ಇರುವುದು ಅಬುಧಾಬಿಯ ಹಮ್ದಾನ್ ಸ್ಟ್ರೀಟ್‌ನಲ್ಲಿ. ಗೆಳೆಯರ ಬಾಯಲ್ಲಿ ಸುದ್ದಿ ಬೆಳೆದು ಅವರ ಕಿವಿಗೆ ಬಿದ್ದಿತ್ತು. ಇಸ್ತ್ರಿ ಮಾಡಿದ ಶರ್ಟು, ಸೆಂಟು.

"ನಮಸ್ಕಾರ್ರೀ. ಅಬುಧಾಬಿಯಿಂದ ಗಾಡಿ ಹೊಡಕೊಂಡು ಬಂದೀನ್ರಿ. ಮಂದಿ ಏನೇನೋ ಹೇಳಾಕತ್ತಿದ್ರು. ಎಲ್ಲಿ ಅದಾರ್ರೀ ಅವರು?"

ನಾನು ಕೈ ತೋರಿಸಿದೆ. ಟೊಪ್ಪಿಗೂ ಮಾಸ್ಕಿಗೂ ನಡುವೆ ಎರಡು ಕಣ್ಣು ಕಾಣುತ್ತಿದ್ದವು. ಎಂಜಿನಿಯರರು ಬಹಳ ಹೊತ್ತು ನೋಡಿದರು. ಕಣ್ಣುಗಳೂ ಅವರನ್ನು ನೋಡಿದವು.

"ಇದರಕಿಂತ ಕಣ್ಣಿನ ಡಾಕ್ಟರ್ ಹಂತೇಕ ಹೋಗಿದ್ರ ನಂಬರಾದ್ರೂ ಗೊತ್ತಾಗ್ತಿತ್ತಲ್ರೀ!"

ಭಟ್ಟರ ಸೆಕೆ

ಆಗಸ್ಟಿನಲ್ಲಿ ಅಡುಗೆ ಕೋಣೆಯ ಏಸಿ ಕೆಟ್ಟಿತು. ಒಳಗೆ ಇದ್ದವರು ನಮ್ಮ ಭಟ್ಟರು. ಬ್ರಹ್ಮಾವರ ಕಡೆಯವರು, ಐವತ್ತೆಂಟು ವರ್ಷ, ತುಂಬು ಹೊಟ್ಟೆ. ನಲವತ್ತು ವರ್ಷದಿಂದ ಫಿಲ್ಟರ್ ಕಾಫಿಯೇ ಅವರ ಬದುಕು. ಗಿರಾಕಿಗಳು ಯಾರೂ ಅವರನ್ನು ನೋಡಿದ್ದೇ ಇಲ್ಲ.

ಏಸಿಯವನನ್ನು ಕರೆತರಲು ನಾನು ನೈಫ್‌ಗೆ ಹೋಗಿದ್ದೆ. ತಿರುಗಿ ಬಂದರೆ ಅಂಗಡಿಯೆದುರು ಕಾರುಗಳು ಸಾಲಾಗಿ ನಿಂತಿವೆ, ಹಾರ್ನೇ ಇಲ್ಲ! ಜನ ಇಳಿದು ಒಳಗೆ ನುಗ್ಗುತ್ತಿದ್ದಾರೆ. ಯಾರಾದರೂ ಸತ್ತರೋ ಎಂದು ನಾನೂ ನುಗ್ಗಿದೆ.

ಸತ್ತಿರಲಿಲ್ಲ. ಸೆಕೆ ತಾಳದೆ ಭಟ್ಟರು ಅಂಗಿ ಬಿಚ್ಚಿ, ಡಿಕಾಕ್ಷನ್ ಪಾತ್ರೆ ಸಮೇತ ಮುಂದಿನ ಗಾಜಿನ ಕಿಟಕಿಯ ಬಳಿ, ಏಸಿಯ ಕೆಳಗೆ ನಿಂತುಬಿಟ್ಟಿದ್ದರು. ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ, ಹೆಗಲಿಗೆ ಬೈರಾಸು, ಜನಿವಾರ, ಬರೀ ಮೈ. ಕಾಫಿಯನ್ನು ತಲೆಯ ಮಟ್ಟದಿಂದ ಲೋಟಕ್ಕೆ ಹೊಯ್ಯುತ್ತಿದ್ದರು. ಕಾರಿನಲ್ಲಿ ಹೋಗುತ್ತಿದ್ದ ಉಡುಪಿ, ಮಂಗಳೂರಿನವರು ಈ ದೃಶ್ಯ ಕಂಡು ಬ್ರೇಕ್ ಹಾಕಿದ್ದರು.

"ಅಂಗಿ ಹಾಕಿದ ಭಟ್ರ ಕಾಫಿ ನಂಬ್ಲಿಕ್ಕಾಗುವುದಿಲ್ಲ ಮಾರಾಯ್ರೆ," ಎಂದು ಒಬ್ಬರು ನನಗೇ ಪಾಠ ಹೇಳಿದರು. "ಇದು ನೋಡಿ, ಒರಿಜಿನಲ್."

ನಾನು ಅಂಗಿ ತರಲು ಓಡಿದೆ. ಅಷ್ಟರಲ್ಲಿ ಸುದ್ದಿ ತಿಳಿದ ಧಣಿಗಳು ಫೋನಿನಲ್ಲೇ ತಡೆದರು: "ಮುಟ್ಟಬೇಡ! ಏಸಿಯವನನ್ನೂ ವಾಪಸ್ ಕಳಿಸು!"

ಹುಡುಗಿ ಮಾಸ್ಕಿನೊಳಗಿಂದ ಕೇಳಿದಳು: "ಸರ್, ನನಗೆ ಟೊಪ್ಪಿ, ಕೋಟು, ಗ್ಲೌಸು. ಅವರಿಗೇನು?"

"ಅವರು ಯೂನಿಫಾರ್ಮಿನಲ್ಲೇ ಇದ್ದಾರಮ್ಮ," ಎಂದೆ.

ದೂರು

ನಾಲ್ಕು ದಿನ ಜಾತ್ರೆಯೋ ಜಾತ್ರೆ. ಐದನೆಯ ದಿನ ಬಲದಿಯಾದ ಇನ್‌ಸ್ಪೆಕ್ಟರ್ ಬಂದರು. ಕೈಯಲ್ಲಿ ದೂರಿನ ಕಾಗದ. ಅರೆಬೆತ್ತಲೆ ಕೆಲಸಗಾರರನ್ನು ಕಿಟಕಿಯಲ್ಲಿ ನಿಲ್ಲಿಸಿ ಈ ಅಂಗಡಿ ಗಿರಾಕಿಗಳನ್ನು ಸೆಳೆಯುತ್ತಿದೆ, ಎಂದು.

ಬಾಗಿಲಿಗೆ ಬೀಗ ಬಿತ್ತೆಂದೇ ಲೆಕ್ಕ. ಇನ್‌ಸ್ಪೆಕ್ಟರ್ ಹುಡುಗಿಯನ್ನು ಟೊಪ್ಪಿಯಿಂದ ಬೂಟಿನವರೆಗೆ ನೋಡಿ, ಕಾಗದವನ್ನು ಮತ್ತೊಮ್ಮೆ ಓದಿ, "ಬೇರೆ ಹುಡುಗಿ ಎಲ್ಲಿ?" ಎಂದರು. ಅಷ್ಟರಲ್ಲಿ ಒಳಗಿನಿಂದ ಭಟ್ಟರು ಹೊಟ್ಟೆಯ ಬೆವರು ಒರೆಸಿಕೊಳ್ಳುತ್ತ ಬಂದರು. ಇನ್‌ಸ್ಪೆಕ್ಟರ್ ಭಟ್ಟರನ್ನು ನೋಡಿದರು. ಕಾಗದ ನೋಡಿದರು. ಆಮೇಲೆ ಗೋಡೆಗೆ ಮುಖ ಮಾಡಿ ಐದು ನಿಮಿಷ ನಕ್ಕರು. ನಕ್ಕ ಪುಣ್ಯಕ್ಕೆ ವಾರ್ನಿಂಗ್ ಮಾತ್ರ ಕೊಟ್ಟರು: ನಾಳೆಯಿಂದ ಭಟ್ಟರಿಗೂ ಕೋಟು, ಟೊಪ್ಪಿ, ಮಾಸ್ಕ್.

ಅಂಗಡಿ ಉಳಿಯಿತು, ದೂರಿನಲ್ಲೇನಿತ್ತೆಂದು ಕೇಳಿ ಭಟ್ಟರು ಕುಸಿದು ಕೂತರು. "ಹಾಗಾದ್ರೆ ಜನ ಇಷ್ಟು ದಿನ ಬಂದದ್ದು ಕಾಫಿಗಲ್ವಾ? ನನ್ನ ಹೊಟ್ಟೆ ನೋಡ್ಲಿಕ್ಕಾ?" ನನಗೆ ನಗು ಬರಲಿಲ್ಲ. ನಲವತ್ತು ವರ್ಷದ ಕೈಗುಣ ಆ ಮನುಷ್ಯನದು. ನನ್ನ ವೀಸಾ, ಮಗಳ ಹತ್ತನೇ ಕ್ಲಾಸು ಎಲ್ಲ ಈಗ ಅದೇ ಪ್ರಶ್ನೆಗೆ ಅಂಟಿಕೊಂಡಿತ್ತು.

ಮರುದಿನ ಭಟ್ಟರು ಗಂಟಲವರೆಗೆ ಗುಂಡಿ ಹಾಕಿದ ಬಿಳಿ ಕೋಟಿನಲ್ಲಿ, ಟೊಪ್ಪಿ ಮಾಸ್ಕಿನಲ್ಲಿ, ಶಿಕ್ಷೆಗೆ ನಿಂತವರಂತೆ ನಿಂತರು. ಸಾಲಿನ ಮೊದಲಲ್ಲಿದ್ದವರು ಕಾರ್ಕಳದ ಒಬ್ಬ ಅಜ್ಜಿ. ಮೊಮ್ಮಗುವನ್ನು ನೋಡಿಕೊಳ್ಳಲು ವಿಸಿಟ್ ವೀಸಾದಲ್ಲಿ ಬಂದವರು. ನಾಲ್ಕು ದಿನವೂ ತಪ್ಪದೆ ಹಾಜರಿದ್ದರು. ಕಿಟಕಿಗೆ ಇಣುಕಿ, "ನಮ್ಮ ಭಟ್ರೆಲ್ಲಿ?" ಎಂದರು.

"ಇವರೇ ಅಜ್ಜಿ," ಎಂದೆ.

ಅಜ್ಜಿಗೆ ನಂಬಿಕೆ ಬರಲಿಲ್ಲ. ಹಿಂದಿದ್ದವರು ಕಾರಿನ ಕಡೆ ತಿರುಗತೊಡಗಿದರು. ಭಟ್ಟರು ಕಾಫಿ ಹೊಯ್ದು ಲೋಟ ಮುಂದಿಟ್ಟರು. ಅಜ್ಜಿ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಇನ್ನೊಂದು ಗುಟುಕು. ಆಮೇಲೆ ಹಿಂದಿನವರಿಗೆ ಕೇಳುವಂತೆ, "ಹೌದು, ನಮ್ಮ ಭಟ್ರೇ. ಕಾಫಿ ಅದೇ. ಯಾರೂ ಹೋಗ್ಬೇಡಿ" ಎಂದರು.

ಸಾಲು ಮತ್ತೆ ಕೂಡಿತು. ಅಕ್ಟೋಬರ್ ಕಳೆದರೂ ಅದು ಕರಗಲಿಲ್ಲ. ಆದರೆ ಅಜ್ಜಿ ಹಾಗೆಂದ ಗಳಿಗೆಯಲ್ಲಿ ಭಟ್ಟರ ಕಣ್ಣಲ್ಲಿ ನೀರು. ಅಜ್ಜಿ ಲೋಟ ಕೆಳಗಿಟ್ಟು, ಕೋಟನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಸ್ವಲ್ಪ ಮುಂದೆ ಬಾಗಿದರು:

"ಆದ್ರೂ ಭಟ್ರೆ, ಮೇಲಿನ ಒಂದೆರಡು ಗುಂಡಿ ಬಿಚ್ಚಿದ್ರೆ ನಿಮ್ಮ ಗಂಟು ಎಂತ ಹೋಗ್ತದೆ?"