ಮೂರನೆಯ ಫ್ಲಾಪಿಯ ಕುಂಕುಮ

ಹೆಂಡತಿ ತವರಿಗೆ ಹೋದರೆ ಗಂಡನಿಗೆ ಸ್ವರಾಜ್ಯ ಎಂದು ಯಾವನೋ ಹೇಳಿದ್ದಾನೆ. ಅವನು ಹನ್ನೊಂದು ದಿನ ತಾನೇ ಕೆದಕಿದ ಉಪ್ಪಿಟ್ಟು ತಿಂದವನಲ್ಲ. ನಾನು ತಿಂದಿದ್ದೇನೆ.

ಕಾರಣ ಒಂದು ಕಂಪ್ಯೂಟರು. ಮಧುಗಿರಿಯಲ್ಲಿ ಹದಿನೆಂಟು ವರ್ಷದಿಂದ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿರುವ ಕದಿರಯ್ಯನಾದ ನನಗೆ ಎಂಬತ್ತೊಂಬತ್ತರ ದಸರಾ ಹೊತ್ತಿಗೆ ಕಾಲದ ಜೊತೆ ಹೆಜ್ಜೆ ಹಾಕಬೇಕೆಂಬ ದುರ್ಬುದ್ಧಿ ಹುಟ್ಟಿತು. ತುಮಕೂರಿನಲ್ಲಿ ಯಾರೋ ಬಳಸಿ ಬಿಟ್ಟಿದ್ದ ಯಂತ್ರವನ್ನು ತಂದು ನಡುಮನೆಯಲ್ಲಿ ಪ್ರತಿಷ್ಠಾಪಿಸಿದೆ. ಅದರ ಹೊಟ್ಟೆ ಖಾಲಿ. ಆಪರೇಟಿಂಗ್ ಸಿಸ್ಟಮ್ ಎಂಬುದನ್ನು ಫ್ಲಾಪಿ ಎಂಬ ಐದು ತೆಳು ಚೌಕ ತಟ್ಟೆಗಳಿಂದ ಒಂದೊಂದಾಗಿ ಉಣಿಸಬೇಕು. ಉಂಡ ಮೇಲೆ ಹೇಳಿದ ಮಾತು ಕೇಳುತ್ತದೆ. (ಗಂಡಸರ ಹಾಗೇ, ಎಂದಳು ನನ್ನ ಹೆಂಡತಿ ರಾಜಲಕ್ಷ್ಮಮ್ಮ.)

ಆಯುಧಪೂಜೆ ಮುಗಿಸಿ ಶುರು ಮಾಡಿದೆ. ಮೊದಲನೆಯದು ಇಳಿಯಿತು, ಎರಡನೆಯದೂ ಇಳಿಯಿತು. ಮೂರನೆಯದು ಹಾಕಿದೊಡನೆ ಯಂತ್ರ ಗರಗರ ಕೆರೆದು, ‘ಅಬಾರ್ಟ್, ರೀಟ್ರೈ, ಫೇಲ್?’ ಎಂದು ಕೇಳಿ ನಿಂತುಬಿಟ್ಟಿತು. ಅಂದರೆ, ಬಿಡ್ತೀಯಾ, ಇನ್ನೊಂದು ಸಲ ನೋಡ್ತೀಯಾ, ಸೋತೆ ಅಂತೀಯಾ? ನಮ್ಮ ವಂಶದಲ್ಲಿ ಸೋತೆ ಅಂದವರಿಲ್ಲ. ಇನ್ನೊಂದು ಸಲ ನೋಡಿದೆ. ನಲವತ್ತು ಸಲ ನೋಡಿದೆ. ಪ್ರತಿ ಸಲವೂ ಆ ಪ್ರಶ್ನೆಯನ್ನು ಮನೆಯೆಲ್ಲ ಮೊಳಗುವಂತೆ ಓದಿ ಕನ್ನಡದಲ್ಲಿ ಅರ್ಥವನ್ನೂ ಹೇಳಿದೆ.

ತಪ್ಪು ನನ್ನದಿರಲು ಸಾಧ್ಯವಿಲ್ಲ. ಮನೆಯಲ್ಲಿ ಉಳಿದವಳು ಒಬ್ಬಳೇ.

“ನಿನ್ನ ಒಗ್ಗರಣೆ ಹೊಗೆಗೆ ಅದ್ರ ಗಂಟ್ಲು ಕಟ್ಟದೆ,” ಎಂದೆ.

“ಅಂಗಾರೆ ಒಗ್ಗರಣೆನೇ ಬ್ಯಾಡ ಬುಡಿ,” ಎಂದಳು. ಮೂರು ದಿನ ಸಪ್ಪೆ ಸಾರು ಉಂಡೆ. ಯಂತ್ರ ನಿಂತಲ್ಲೇ ನಿಂತಿತ್ತು.

“ನೀನು ಮಿಕ್ಸಿ ಹಾಕಿದ್ರೆ ಕರೆಂಟು ಕುಸಿತದೆ.”

ಪಾಪ, ಒರಳುಕಲ್ಲಿಗೆ ಕೂತಳು. ಆಗಲೂ ಮೂರನೆಯದು ಇಳಿಯಲಿಲ್ಲ. ಸಿಟ್ಟಿನಲ್ಲಿ ಆಡಬಾರದ ಮಾತು ಆಡಿದೆ. “ನಿನ್ನ ಕೈಗುಣಾನೇ ಸರಿಯಿಲ್ಲ ಕಣೆ!”

ರುಬ್ಬುತ್ತಿದ್ದ ಕೈ ನಿಂತಿತು. ಅವಳು ಎದ್ದು ಕೈ ತೊಳೆದಳು, ಸೀರೆ ಬದಲಿಸಿದಳು. “ಇದು ಯಾಕೆ ಕೆಡ್ತು ಅಂತ ಗೊತ್ತಾದ ದಿನ ಬಂದು ಹೇಳಿ,” ಎಂದು ತೋವಿನಕೆರೆಯ ತವರಿಗೆ ಹೊರಟೇಹೋದಳು.

ಈ ಹಳೇ ಯಂತ್ರಕ್ಕೆ ಜ್ಞಾಪಕಶಕ್ತಿ ಕಡಿಮೆ. ಸ್ವಿಚ್ ಹಾಕಿದಾಗಲೆಲ್ಲ ಇವತ್ತು ತಾರೀಖೆಷ್ಟು ಎಂದು ಕೇಳುತ್ತದೆ. ಮನೆಯಲ್ಲಿ ನನ್ನನ್ನು ಏನಾದರೂ ಕೇಳಲು ಉಳಿದದ್ದು ಅದೊಂದೇ. ಹಾಗಾಗಿ ಕೆಲಸವಿಲ್ಲದಿದ್ದರೂ ಹಾಕುತ್ತಿದ್ದೆ. ಬೆರಳು ತಾರೀಖು ಒತ್ತುತ್ತಿತ್ತು. ಮನಸ್ಸು ಅವಳು ಹೋಗಿ ಐದು, ಆರು, ಏಳು ಎಂದು ಎಣಿಸುತ್ತಿತ್ತು. ಅಭ್ಯಾಸಬಲದಿಂದ ಎರಡು ಲೋಟ ಕಾಫಿ ಬೆರೆಸಿ ಒಂದನ್ನು ಆರಲು ಬಿಡುತ್ತಿದ್ದೆ. ಮನೆ ಬಿಕೋ ಎನ್ನುತ್ತಿತ್ತು. ನನಗೆ ಅವಳು ಬೇಕಿತ್ತು, ಕಂಪ್ಯೂಟರು ಮಣ್ಣುಪಾಲಾಗಲಿ. ಆದರೆ ಯಾಕೆ ಕೆಟ್ಟಿತೆಂದು ಗೊತ್ತಿಲ್ಲದೆ ಯಾವ ಮುಖ ಹೊತ್ತು ಹೋಗುವುದು?

ಹನ್ನೊಂದನೆಯ ದಿನ ಮಾನ ಬಿಟ್ಟು ಬಸ್ ಸ್ಟ್ಯಾಂಡಿನ ರೇಡಿಯೋ ರಿಪೇರಿ ಸಣ್ಣರಂಗಯ್ಯನನ್ನು ಕರೆತಂದೆ. ಅವನು ಮೂರನೆಯ ಫ್ಲಾಪಿಯನ್ನು ಬೆಳಕಿಗೆ ಹಿಡಿದು ನೋಡಿದ.

“ಸಾ, ಇದ್ರ ಕಿಂಡಿಗೆ ಕುಂಕುಮ ಇಕ್ಕಿದೋರು ಯಾರು?”

“ಯಾಕಯ್ಯಾ?”

“ಟೇಪ್ ರೆಕಾರ್ಡರ್ ಹೆಡ್ಡಿಗೆ ಕೊಳೆ ಕೂತ್ರೆ ಹಾಡು ನಿಲ್ಲಾಕಿಲ್ವಾ? ಇದೂ ಅಂಗೇಯ.”

ನನಗೆ ಆಯುಧಪೂಜೆ ನೆನಪಾಯಿತು. ನಾಲ್ಕು ಫ್ಲಾಪಿಗಳು ಕಾಗದದ ಕವರಿನೊಳಗಿದ್ದವು. ಇದೊಂದು ಕವರಿಲ್ಲದೆ ಮೇಲೆ ಕೂತಿತ್ತು. ಅದರ ಕಪ್ಪು ಮೈಯಲ್ಲೊಂದು ಕಿಂಡಿ. ಬೊಟ್ಟಿಡಲೆಂದೇ ಬಿಟ್ಟಿದ್ದಾರೆಂದು ನೀರಿನಲ್ಲಿ ಕಲಸಿದ ಅರಿಶಿನ ಕುಂಕುಮವನ್ನು ಭಕ್ತಿಯಿಂದ ನಾನೇ ಬಳಿದಿದ್ದೆ. “ಅಲ್ಲಿಗೆ ಬ್ಯಾಡ ಕಣ್ರೀ,” ಎಂದಿದ್ದಳು ಅವಳು. “ನಿಂಗೇನೇ ಗೊತ್ತು,” ಎಂದಿದ್ದೆ ನಾನು.

ಸಣ್ಣರಂಗಯ್ಯ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಯಂತ್ರದ ಬಾಯಿ ಒರೆಸಿದ. ಮಾರನೆಯ ದಿನ ತುಮಕೂರಿನಿಂದ ಬೇರೆ ಮೂರನೆಯ ಫ್ಲಾಪಿ ತಂದೆ. ಐದೂ ಸಲೀಸಾಗಿ ಇಳಿದವು. “ನೋಡೇ ಇಲ್ಲಿ, ಓಡ್ತು!” ಎಂದು ಕೂಗಿದೆ. ಅಡುಗೆಮನೆಯಿಂದ ಉತ್ತರ ಬರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಓಡಿದೆ.

ತೋವಿನಕೆರೆಯಲ್ಲಿ ಅವಳು ಅತ್ತೆಯವರ ಜೊತೆ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ಅಕ್ಕಪಕ್ಕದ ನಾಲ್ಕು ಹೆಂಗಸರೂ ಇದ್ದರು. (ಇರಲೇಬೇಕಲ್ಲ.)

“ಯಾಕೆ ಕೆಡ್ತಂತೆ?”

“ಅದೂ... ಕಿಂಡಿಗೆ ಕುಂಕುಮ...”

“ಇಕ್ಕಿದೋರು?”

ಗಂಟಲು ಗರಗರ ಎಂದಿತು. ಮುಂದಕ್ಕೆ ಮಾತು ಇಳಿಯಲಿಲ್ಲ. ಅವಳು ತಲೆ ಎತ್ತದೆ ಕೇಳಿದಳು: “ಬುಡ್ತೀರಾ, ಇನ್ನೊಂದ್ ಸಲ ನೋಡ್ತೀರಾ, ಸೋತೆ ಅಂತೀರಾ?”

“ಸೋತೆ,” ಎಂದೆ. “ಕೈಗುಣ ಕೆಟ್ಟಿದ್ದು ನಂದು ಕಣೆ. ಮನೆಗೆ ಬಾ.”

ಅವಳು ಮಡಿಲಿನ ಸಿಪ್ಪೆ ಕೊಡವಿ ಎದ್ದು, ಬಾಗಿಲ ಹಿಂದಿನಿಂದ ಬ್ಯಾಗು ತಂದಳು.

“ಎಂಟು ದಿನದಿಂದ ಕಟ್ಟಿ ಮಡಗವ್ಳೆ,” ಎಂದರು ಅತ್ತೆ. “ನೀವೇ ಬರ್ನಿಲ್ಲ.”

ಬಸ್ಸಿನಲ್ಲಿ ಅವಳಿಗೆ ಮುಂದೆ ಸೀಟು ಸಿಕ್ಕಿತು, ನಾನು ಹಿಂದೆ ನಿಂತೆ. ಪಕ್ಕದ ಹೆಂಗಸಿಗೆ ಅವಳು ಏನೋ ಹೇಳಿದಳು. ಆ ಹೆಂಗಸು ಹಿಂದಿನ ಸೀಟಿಗೆ ಹೇಳಿದಳು. ನಗು ಒಂದೊಂದೇ ಸೀಟು ದಾಟಿ ನನ್ನತ್ತ ಬರುತ್ತಿತ್ತು. ಅದರ ಜೊತೆಗೇ ಕಂಡಕ್ಟರೂ ಬಂದ.

“ಸಾ, ಆ ಕಿಂಡಿಗೆ ಕುಂಕುಮ ಇಕ್ಕಿದೋರು ನೀವೇನಾ?”

ಇಡೀ ಬಸ್ಸು ತಿರುಗಿ ನೋಡಿತು.

“ಹೌದಪ್ಪಾ, ನಾನೇ,” ಎಂದೆ. “ಮಧುಗಿರಿಗೆ ಎರಡು ಟಿಕೆಟ್ ಕೊಡು.”