ತೆಗೆದಿಡಿ, ತೆಗೆದುಬಿಡಿ

ಇಡೀ ರಗಳೆಗೆ ಕಾರಣ ಒಂದು ಬಕಾರ. ಬೆಳಿಗ್ಗೆ ಹತ್ತು ಗಂಟೆಗೆ ದೊಡ್ಡ ಸಾಹೇಬರು ಫೋನಿನಲ್ಲಿ, “ಹಳೇ ದೂರುಗಳನ್ನೆಲ್ಲ ತೆಗ್ದಿಡಿ” ಎಂದರು. ಇತ್ತ ಕೇಳಿಸಿಕೊಂಡವನಿಗೆ ಅದು “ತೆಗ್ದ್ಬಿಡಿ” ಎಂದು ಕೇಳಿಸಿತು. ಸಾಹೇಬರ ಬಾಯಲ್ಲಿ ಇಲ್ಲದ ಬಕಾರ ಇವನ ಕಿವಿಯಲ್ಲಿ ಹುಟ್ಟಿಕೊಂಡಿತು. ಅವನನ್ನೇ ಪೂರ್ತಿ ದೂರುವಂತಿಲ್ಲ. ಅವನು ನಿಂತಿದ್ದ ಕೋಣೆಯಲ್ಲಿ ಮುನ್ನೂರು ಫ್ಯಾನುಗಳು ಒಟ್ಟಿಗೇ ತಿರುಗುತ್ತಿದ್ದವು.

ಕೇಳಿಸಿಕೊಂಡವನು ಸ್ವೆಟರಪ್ಪ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಕಡು ಬೇಸಿಗೆಯಲ್ಲೂ ಕುತ್ತಿಗೆಯ ತನಕ ಸ್ವೆಟರು ಏರಿಸಿಕೊಂಡು ಓಡಾಡುವವನನ್ನು ಆ ಹೆಸರಿನಿಂದ ಯಾರು ಕರೆದಾರು? ಅವನು ಕೆಲಸ ಮಾಡುತ್ತಿದ್ದುದು ನೀರು ಸರಬರಾಜು ಕಚೇರಿಯಲ್ಲಿ. ನೌಕರರು ಮಧ್ಯಾಹ್ನ ಕೂತು ಊಟ ಮಾಡುತ್ತಿದ್ದ ದೊಡ್ಡ ಕೋಣೆಯನ್ನು ಎರಡು ವರ್ಷದ ಹಿಂದೆ ಖಾಲಿ ಮಾಡಿಸಿ, ಬೀರುಗಳಂಥ ಕಪ್ಪು ಕಪ್ಪು ಕಂಪ್ಯೂಟರುಗಳನ್ನು ತಂದು ಸಾಲಾಗಿ ನಿಲ್ಲಿಸಿದ್ದರು. ಮನುಷ್ಯರು ಮೆಟ್ಟಿಲ ಮೇಲೆ ಕೂತು ಉಣ್ಣಬಹುದು. ಬೀರುಗಳಿಗೆ ಮಾತ್ರ ಹದಿನೆಂಟು ಡಿಗ್ರಿಗಿಂತ ಒಂದು ಡಿಗ್ರಿ ಹೆಚ್ಚಾದರೂ ಆಗದು. ಹೊಸ ಸೊಸೆಗೂ ಯಾರೂ ಅಷ್ಟು ಉಪಚಾರ ಮಾಡಿದ್ದಿಲ್ಲ. ಅವಕ್ಕೆ ತಂಪು ಸಾಲುತ್ತಿದೆಯೋ ಇಲ್ಲವೋ ಎಂದು ಗಂಟೆಗೊಮ್ಮೆ ನೋಡಿ ಬರೆದಿಡುವುದು, ಯಾವ ದೀಪ ಹಸಿರು, ಯಾವುದು ಕೆಂಪು ಎಂದು ಎಣಿಸುವುದು ಸ್ವೆಟರಪ್ಪನ ಕೆಲಸ. ತಾತ್ಕಾಲಿಕ ಕೆಲಸ. ಅಲ್ಲಿ ಅವನು ಹದಿನಾಲ್ಕು ವರ್ಷದಿಂದ ತಾತ್ಕಾಲಿಕ.

ಅವತ್ತು ಸಾಯಂಕಾಲ ನಾಲ್ಕಕ್ಕೆ ಯಂತ್ರದ ಉದ್ಘಾಟನೆ. ಇಪ್ಪತ್ತೆರಡು ವರ್ಷದ ದೂರುಗಳನ್ನೆಲ್ಲ ಓದಿಕೊಂಡು, ಇನ್ನು ಮುಂದೆ ಯಾರೇ ನೀರಿನ ತಾಪತ್ರಯ ಹೇಳಿಕೊಂಡು ಬಂದರೂ ತಾನೇ ಉತ್ತರ ಕೊಡುವ ಬುದ್ಧಿವಂತ ಯಂತ್ರ. ಹೆಸರಿಡುವ ಸಮಿತಿ ಮೂರು ತಿಂಗಳು ಕೂತು ‘ದೂರುವಾಣಿ’ ಎಂದು ಹೆಸರಿಟ್ಟಿತ್ತು. ಬೋರ್ಡು ಬರೆಯುವವನು ಅದನ್ನು ಕಾಗುಣಿತದ ತಪ್ಪೆಂದು ತಿಳಿದು ‘ದೂರವಾಣಿ’ ಎಂದು ಬರೆದುಕೊಟ್ಟಿದ್ದ. ಯಾರೂ ಗಮನಿಸಿರಲಿಲ್ಲ. ಉದ್ಘಾಟನೆ ಸಲೀಸಾಗಿ ನಡೆದರೆ ಸ್ವೆಟರಪ್ಪನ ಕಾಯಂ ವಿಷಯ ಅವತ್ತೇ ಇತ್ಯರ್ಥ ಮಾಡುವುದಾಗಿ ಸಾಹೇಬರು ಎಲ್ಲರೆದುರಿಗೆ ಮಾತು ಕೊಟ್ಟಿದ್ದರು. ಹೆಂಡತಿ ಬೆಳಿಗ್ಗೆ ಅಂಗಿಗೆ ಇಸ್ತ್ರಿ ಹಾಕಿ ಕೊಟ್ಟು, “ಇವತ್ತಾದ್ರೂ ನಮ್ಮಣ್ಣನ ಮುಂದೆ ನಾನು ತಲೆ ಎತ್ತೋ ಹಂಗೆ ಮಾಡಿ” ಎಂದು ಕಳಿಸಿದ್ದಳು. ಸ್ವೆಟರಿನ ಕೆಳಗೆ ಆ ಇಸ್ತ್ರಿ ಯಾರಿಗೆ ಕಾಣಬೇಕಿತ್ತೋ.

ಹೀಗಾಗಿ ಸಾಹೇಬರ ಮಾತನ್ನು ಅವನು ಎರಡು ಸಲ ಕೇಳಲಿಲ್ಲ. ಪರದೆಯ ಮುಂದೆ ಕೂತು, ದೂರುಗಳನ್ನೆಲ್ಲ ಆರಿಸಿ, ಗುಂಡಿ ಒತ್ತಿದ. ‘ನಿಜವಾಗಿಯೂ ತೆಗೆಯಬೇಕೇ?’ ಎಂದಿತು ಪರದೆ. ಹೌದು ಎಂದ. ‘ಖಂಡಿತವೇ?’ ಎಂದಿತು. ಹೌದು ಎಂದ. ‘ಮತ್ತೊಮ್ಮೆ ಯೋಚಿಸಿ’ ಎಂದಿತು. ತನ್ನ ಅಭಿಪ್ರಾಯವನ್ನು ಜೀವನದಲ್ಲಿ ಯಾರೂ ಮೂರು ಸಲ ಕೇಳಿರಲಿಲ್ಲವಲ್ಲ ಎಂದು ಅವನಿಗೆ ಖುಷಿಯೇ ಆಯಿತು. ಇನ್ನಷ್ಟು ಗತ್ತಿನಿಂದ ಒತ್ತಿದ.

ಸ್ವಲ್ಪ ಹೊತ್ತಿಗೆ ಟೈಪಿಸ್ಟ್ ಅಕ್ಕ ಬಾಗಿಲಲ್ಲಿ ತಲೆ ಹಾಕಿದಳು.

“ಏನ್ ಸ್ವೆಟರಪ್ಪಾ, ದೂರುಗಳನ್ನ ತೆಗ್ದಿದ್ದಾಯ್ತಾ? ಸಾಹೇಬ್ರು ಕೇಳ್ತಿದಾರೆ.”

“ಆಯ್ತಕ್ಕಾ. ಒಂದೂ ಬಿಟ್ಟಿಲ್ಲ.”

“ಎಲ್ಲಿಟ್ರಿ?”

“ಎಲ್ಲಿಡೋದು? ತೆಗ್ದೆ ಅಂದ್ನಲ್ಲ.”

“ಅದೇ, ತೆಗ್ದು ಎಲ್ಲಿಟ್ರಿ ಅಂತ.”

“ಏನಕ್ಕಾ ನೀವು, ತೆಗೆದ ಮೇಲೆ ಇಡೋಕೆ ಏನಿರತ್ತೆ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅಕ್ಕ ಕೈಯಲ್ಲಿದ್ದ ಚಹಾ ಲೋಟವನ್ನು ನಿಧಾನವಾಗಿ ಒಂದು ಬೀರುವಿನ ಮೇಲೆ ಇಟ್ಟಳು. ಅಲ್ಲಿ ಚಹಾ ಇಡಬಾರದೆಂದು ಎರಡು ವರ್ಷದಿಂದ ಜಗಳವಾಡುತ್ತಿದ್ದ ಸ್ವೆಟರಪ್ಪ ಸುಮ್ಮನಿದ್ದ.

“ಅಯ್ಯೋ, ನಿಮ್ಮ ಕಿವಿಗಿಷ್ಟು! ಅವರು ಹೇಳಿದ್ದು ಇಡಿ ಅಂತ. ಯಂತ್ರಕ್ಕೆ ಓದ್ಸೋಕೆ ಒಂದ್ಕಡೆ ಜೋಡ್ಸಿ ಇಡಿ ಅಂತ ಕಣ್ರೀ!”

ಸ್ವೆಟರಪ್ಪನಿಗೆ ಆ ಹದಿನೆಂಟು ಡಿಗ್ರಿಯಲ್ಲೂ ಬೆವರು ಕಿತ್ತುಕೊಂಡಿತು. “ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ, ಯಾರ್ಗೂ ಹೇಳ್ಬೇಡಿ.”

“ನಾನ್ಯಾಕೆ ಹೇಳ್ಲಿ?” ಎಂದು ಅಕ್ಕ ಹೊರಟಳು. ಹತ್ತು ನಿಮಿಷದಲ್ಲಿ ಇಡೀ ಕಟ್ಟಡಕ್ಕೆ ಸುದ್ದಿ ಮುಟ್ಟಿತು. ಆ ಕಚೇರಿಯಲ್ಲಿ ಅಷ್ಟು ಬೇಗ ವಿಲೇವಾರಿಯಾದ ಕೆಲಸ ಅದೊಂದೇ ಇರಬೇಕು. ಸಾಹೇಬರೊಬ್ಬರಿಗೆ ಮಾತ್ರ ತಿಳಿಯಲಿಲ್ಲ. ಅಲ್ಲಿನ ಯಾವ ವಿಷಯವೂ ಅವರಿಗೆ ತಿಳಿಯುತ್ತಿರಲಿಲ್ಲ.

ಮೊದಲು ಓಡಿ ಬಂದವನು ಭವಿಷ್ಯ ಸಾರ್. ಯಂತ್ರ ಕೂರಿಸಲು ನೇಮಿಸಿಕೊಂಡಿದ್ದ ಸಲಹೆಗಾರ. ಏನು ಕೇಳಿದರೂ “ಇದೇ ಭವಿಷ್ಯ” ಎಂದು ಉತ್ತರ ಕೊಡುತ್ತಿದ್ದುದರಿಂದ ಆ ಹೆಸರು. ಅವನ ಹಿಂದೆಯೇ ಲಿಫ್ಟಣ್ಣ. ಕರೆಂಟೆಲ್ಲ ಬೀರುಗಳಿಗೇ ಬೇಕಾಗಿ ಲಿಫ್ಟು ನಿಂತು ವರ್ಷವಾಗಿತ್ತು. ಅಂದಿನಿಂದ ಅವನಿಗೆ ಬೇರೆಯವರ ಕಷ್ಟ ನೋಡುವುದೇ ಕೆಲಸ.

“ಯಾಕ್ರೀ ಹೆದರ್ತೀರಿ?” ಎಂದ ಭವಿಷ್ಯ ಸಾರ್. “ಮೂರು ಪ್ರತಿ ಇದೆ. ಒಂದು ಹೋದ್ರೆ ಇನ್ನೊಂದು, ಅದೂ ಹೋದ್ರೆ ಮತ್ತೊಂದು.” ಎರಡನೆಯ ಪ್ರತಿ ತೆರೆದ. ಖಾಲಿ. ಮೂರನೆಯದು ತೆರೆದ. ತೊಳೆದಿಟ್ಟ ಪಾತ್ರೆಯ ಹಾಗೆ ಲಕಲಕ ಎನ್ನುತ್ತಿತ್ತು.

“ಓ,” ಎಂದ, “ಮೊದಲನೇದ್ರಲ್ಲಿ ಏನು ಬದಲಾದ್ರೂ ತಕ್ಷಣ ಮಿಕ್ಕೆರಡೂ ಹಾಗೇ ಬದಲಾಗೋ ಥರ ನಾನೇ ಮಾಡಿದ್ದು. ತುಂಬ ಒಳ್ಳೇ ವ್ಯವಸ್ಥೆ.”

“ಅಂದ್ರೆ ಒಬ್ಬ ಬಾವಿಗೆ ಬಿದ್ರೆ ಮಿಕ್ಕಿಬ್ರೂ ಕೈ ಹಿಡ್ಕೊಂಡು ಬೀಳೋ ವ್ಯವಸ್ಥೆ,” ಎಂದ ಲಿಫ್ಟಣ್ಣ.

“ಸಾರ್, ಕ್ಲೌಡಲ್ಲಿ ಒಂದು ಪ್ರತಿ ಇರತ್ತೆ ಅಂದಿದ್ರಲ್ಲ?” ಸ್ವೆಟರಪ್ಪನ ದನಿ ಅಳುವಿನ ಅಂಚಿಗೆ ಬಂದಿತ್ತು.

“ಅದು ಎರಡನೇ ಹಂತ ಕಣ್ರೀ. ಮೊದಲನೇ ಹಂತ ಉದ್ಘಾಟನೆ.”

“ಕಾಗದದ ಕಡತ?”

“ಕಂಪ್ಯೂಟರಿಗೆ ಹಾಕಿದ್ಮೇಲೆ ಕಾಗದ ಯಾಕೆ ಅಂತ ತೂಕಕ್ಕೆ ಹಾಕ್ಸಿದ್ದು ಇವ್ರೇ,” ಎಂದಳು ಅಷ್ಟರಲ್ಲಿ ವಾಪಸು ಬಂದಿದ್ದ ಅಕ್ಕ.

ಭವಿಷ್ಯ ಸಾರ್ ಎರಡು ನಿಮಿಷ ಕಣ್ಣು ಮುಚ್ಚಿ ನಿಂತ. ಸ್ವೆಟರಪ್ಪನ ಕೆಲಸ ಹೋದರೆ ಹೋಗಲಿ. ಆದರೆ ಪ್ರತಿಗಳ ವಿಷಯ ಹೊರಗೆ ಬಂದರೆ ಅವನ ಭವಿಷ್ಯವೇ ಹೋಗುತ್ತಿತ್ತು. ಕಣ್ಣು ಬಿಟ್ಟು ಹೇಳಿದ: “ದೂರು ತಾನೇ? ಹೊಸದಾಗಿ ಬರೆಯೋಣ. ನಾವು ನಾಲ್ಕು ಜನ ಕೂತು ನಾನೂರು ಬರೆದ್ರೆ, ಒಂದೊಂದನ್ನೂ ನಾನು ಸಾವಿರ ಸಲ ನಕಲು ಮಾಡ್ತೀನಿ. ನಾಲ್ಕು ಲಕ್ಷ ಆಯ್ತು.”

“ಅದಕ್ಕೆ ಸುಳ್ಳು ದಾಖಲೆ ಅಂತಾರಲ್ವಾ ಸಾರ್?” ಎಂದ ಲಿಫ್ಟಣ್ಣ.

“ಛೆ ಛೆ. ನಮ್ಮಲ್ಲಿ ಅದಕ್ಕೆ ಕೃತಕ ದತ್ತಾಂಶ ಅಂತಾರೆ. ಇದೇ ಭವಿಷ್ಯ.”

ಬರೆಯಲು ಕೂತರು. ಮೊದಲ ಹತ್ತು ದೂರು ಬರೆಯುವುದು ಕಷ್ಟವಾಯಿತು, ಆಮೇಲೆ ಕೈ ಓಡಿತು. ಲಿಫ್ಟಣ್ಣ ಅರವತ್ತು ದೂರು ಬರೆದ. ಅರವತ್ತೂ ಲಿಫ್ಟಿನ ಮೇಲೆ. ಅವನಿಂದ ಕಾಗದ ಕಿತ್ತುಕೊಂಡು ಲಿಫ್ಟ್ ಎಂದಿದ್ದಲ್ಲೆಲ್ಲ ನಲ್ಲಿ ಎಂದು ತಿದ್ದಬೇಕಾಯಿತು. ‘ನಮ್ಮ ನಲ್ಲಿ ಮೂರನೇ ಮಹಡಿಯಲ್ಲಿ ಸಿಕ್ಕಿಹಾಕಿಕೊಂಡಿದೆ’ ಎಂಬಂಥ ದೂರುಗಳು ಹೀಗೆ ಹುಟ್ಟಿದವು. ಅಕ್ಕನಿಗೆ ಮೇಲಿನ ಮನೆಯವಳ ಮೇಲೆ ಆರು ವರ್ಷದ ಹಗೆ ಇತ್ತು.

“‘ಮೇಲಿನ ಮನೆಯವಳು ಒದ್ದೆ ಬಟ್ಟೆ ಹರಡಿ ನಮ್ಮ ಬಾಗಿಲಿಗೆ ನೀರು ಸುರಿಸುತ್ತಾಳೆ, ಅವಳಿಗೆ ನಾಚಿಕೆಯೂ ಇಲ್ಲ’ ಅಂತ ಬರ್ದಿದೀನಿ,” ಎಂದಳು.

“ಆ ನಾಚಿಕೆ ಮಾತು ತೆಗೀರಿ,” ಎಂದ ಭವಿಷ್ಯ ಸಾರ್.

“ತೆಗ್ದಿಡ್ಲಾ, ತೆಗ್ದ್ಬಿಡ್ಲಾ? ಸರಿಯಾಗಿ ಹೇಳಿ. ಆಮೇಲೆ ನನ್ ತಲೆಗೆ ಕಟ್ಬೇಡಿ.”

ಎರಡು ಗಂಟೆಯ ಹೊತ್ತಿಗೆ ನಾನೂರು ಮುಗಿಯಿತು. ಆಗ ಭವಿಷ್ಯ ಸಾರ್ ತಲೆ ಕೆರೆದುಕೊಂಡು, ಬರೀ ದೂರು ಸಾಲದು, ಪ್ರತಿಯೊಂದಕ್ಕೂ ಕಚೇರಿ ಕೊಟ್ಟ ಉತ್ತರವೂ ಬೇಕು, ಅದನ್ನು ನೋಡಿಯೇ ಯಂತ್ರ ಕಲಿಯುವುದು ಎಂದ. ಉತ್ತರ? ಬಾಯಿ ಬಿಟ್ಟವನು ಸ್ವೆಟರಪ್ಪ. ಬೀರುಗಳು ಬರುವ ಮುಂಚೆ ಹನ್ನೆರಡು ವರ್ಷ ಅವನು ದೂರು ಕೊಡುವ ಕಿಟಕಿಯ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕಡತ ಕಟ್ಟಿದವನು. ಅಲ್ಲಿ ಜನಕ್ಕೆ ಹೇಳುತ್ತಿದ್ದ ಮಾತು ಅವನ ಕಿವಿಯಲ್ಲಿ ಜಿಡ್ಡಿನ ಹಾಗೆ ಅಂಟಿಕೊಂಡಿತ್ತು.

“ಎಲ್ಲಾ ಸೇರಿ ಮೂರೋ ನಾಲ್ಕೋ ಉತ್ತರ ಸಾರ್. ಅದನ್ನೇ ತಿರುಗಿಸಿ ಮುರುಗಿಸಿ ಹೇಳ್ತಿದ್ರು,” ಎಂದು ಕೂತು ಬರೆದುಕೊಟ್ಟ. ಹದಿನೈದು ನಿಮಿಷವೂ ಹಿಡಿಯಲಿಲ್ಲ.

ಯಂತ್ರ ಓದಲು ಶುರು ಮಾಡಿತು. ಫ್ಯಾನುಗಳು ಹುಚ್ಚು ಹಿಡಿದಂತೆ ಕೂಗಿದವು. ಬೀರುಗಳನ್ನು ತಂಪಾಗಿಡುವ ಕೊಳವೆಗಳು ಗಟಗಟನೆ ನೀರು ಕುಡಿದವು. ಮಹಡಿಯ ಮೇಲಿನ ತೊಟ್ಟಿ ಬರಿದಾಗಿ, ಕೈ ತೊಳೆಯಲು ಹೋದ ಅಕ್ಕನಿಗೆ ನಲ್ಲಿಯಲ್ಲಿ ಬರೀ ಗಾಳಿ ಸಿಕ್ಕಿತು. ಕಚೇರಿಯ ಹಿಂದಿನ ನಾಲ್ಕು ಬೀದಿಗಳ ನೀರನ್ನು ಈ ಕೊಳವೆಗಳಿಗೆ ತಿರುಗಿಸಿಕೊಂಡು ಎಂಟು ದಿನವಾಗಿತ್ತು. ನೀರು ಯಾಕೆ ಬಂದಿಲ್ಲ ಎಂದು ಕೇಳುವವರಿಗೆ ಉತ್ತರ ಕೊಡುವ ಯಂತ್ರ, ಅವರ ನೀರನ್ನೇ ಕುಡಿದು ಪಾಠ ಕಲಿಯುತ್ತಿತ್ತು. ಇದರಲ್ಲಿ ವಿಚಿತ್ರವೇನಿದೆ ಎಂದು ಆ ಕಚೇರಿಯಲ್ಲಿ ಯಾರಿಗೂ ಅನಿಸಿರಲಿಲ್ಲ.

ನಾಲ್ಕು ಗಂಟೆಗೆ ಮೇಲಧಿಕಾರಿ ಅಮ್ಮನವರು ಬಂದರು. ಲಿಫ್ಟಿಲ್ಲದೆ ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು. ದೊಡ್ಡ ಸಾಹೇಬರು ಅವರ ಮುಂದೆ ಮಡಿಸಿದ ಕೊಡೆಯ ಹಾಗೆ ಬಾಗಿ ನಿಂತರು. ಸ್ವೆಟರಪ್ಪ ಮೂಲೆಯ ಕುರ್ಚಿಯಲ್ಲಿ ಉಗುರು ಕಚ್ಚುತ್ತ ಕೂತಿದ್ದ. ಮೊದಲ ಪ್ರಶ್ನೆಗೇ ಯಂತ್ರ ಲಿಫ್ಟು, ಒದ್ದೆ ಬಟ್ಟೆ ಎಂದು ಬಡಬಡಿಸಿದರೆ ಹದಿನಾಲ್ಕು ವರ್ಷ ನೀರಿಗೆ ಬಿತ್ತು.

ಅಮ್ಮನವರು ಮೈಕು ಹಿಡಿದು ಯಂತ್ರವನ್ನು ಕೇಳಿದರು: “ನಮ್ಮ ಬೀದಿಗೆ ಎಂಟು ದಿನದಿಂದ ನೀರು ಬಂದಿಲ್ಲ. ಯಾವಾಗ ಬರುತ್ತೆ?”

ಕೆಂಪು ದೀಪ ಮಿಣುಕಿತು. ಯಂತ್ರ ಗಂಟಲು ಸರಿಮಾಡಿಕೊಂಡ ಹಾಗೆ ಒಂದು ಸದ್ದು ಮಾಡಿ ಹೇಳಿತು: “ನಿಮ್ಮ ದೂರು ಪರಿಶೀಲನೆಯಲ್ಲಿದೆ. ಸಂಬಂಧಪಟ್ಟವರು ರಜೆಯಲ್ಲಿದ್ದಾರೆ. ನಾಳೆ ಬನ್ನಿ.”

ಅಮ್ಮನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ನಾಳೆ ಬಂದರೆ?”

“ನಿನ್ನೆಯೇ ಬರಬೇಕಿತ್ತು.”

ದೊಡ್ಡ ಸಾಹೇಬರ ಕಣ್ಣಲ್ಲಿ ನೀರು ಬಂತು. ಎಂಟು ದಿನದಿಂದ ಆ ಸುತ್ತಿನಲ್ಲಿ ನೀರು ಕಾಣಿಸಿಕೊಂಡದ್ದು ಅಲ್ಲೊಂದೇ ಕಡೆ. “ಥೇಟ್ ನಮ್ಮ ಕಚೇರಿ!” ಎಂದು ಉದ್ಗರಿಸಿದರು. ಅಮ್ಮನವರೂ ತಲೆದೂಗಿ, “ಇಪ್ಪತ್ತೆರಡು ವರ್ಷದ ಅನುಭವ ಇಲ್ಲದೆ ಇಂಥ ಮಾತು ಬರೋದಕ್ಕೆ ಸಾಧ್ಯವೇ ಇಲ್ಲ” ಎಂದರು. ಚಪ್ಪಾಳೆಯ ಸುರಿಮಳೆಯಾಯಿತು. ಭವಿಷ್ಯ ಸಾರ್ ಮೂರು ಸಲ ಎದ್ದು ಬಗ್ಗಿ ಕೂತ. ಸ್ವೆಟರಪ್ಪ ಬೆಳಗಿನಿಂದ ಹಿಡಿದಿದ್ದ ಉಸಿರನ್ನು ಹೊರಗೆ ಬಿಟ್ಟ.

ಸಾಹೇಬರು ಲಕೋಟೆಯೊಂದನ್ನು ಎತ್ತಿಕೊಂಡು ಮೈಕಿನ ಮುಂದೆ ಬಂದರು. “ಈ ಕೋಣೆಯಲ್ಲಿ ಹಗಲಿರುಳೂ ದುಡಿದು, ಒಂದು ದಿನವೂ ರಜೆ ಕೇಳದೆ, ಎದುರಾಡದೆ, ನಮ್ಮ ಕಚೇರಿಯ ಮಾನ ಉಳಿಸಿದ ಒಬ್ಬರಿಗೆ ಇವತ್ತು ಕಾಯಂ ಹುದ್ದೆಯ ಆದೇಶ ಕೊಡ್ತಾ ಇದೀವಿ. ಖಾಲಿ ಇದ್ದದ್ದೇ ಒಂದು ಹುದ್ದೆ. ಅಮ್ಮನವರು ಈಗಷ್ಟೇ ಸಹಿ ಮಾಡಿದ್ದಾರೆ.”

ಸ್ವೆಟರಪ್ಪ ಎದ್ದ. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವನು ಸ್ವೆಟರನ್ನು ಕೆಳಗೆಳೆದು ಸರಿಮಾಡಿಕೊಂಡು, ವೇದಿಕೆಯ ಮೇಲೆ ಹೋಗಿ ಕೈ ಮುಗಿದು ನಿಂತ.

“ನಿಯಮದ ಪ್ರಕಾರ,” ಸಾಹೇಬರು ಮುಂದುವರಿಸಿದರು, “ಸಾರ್ವಜನಿಕರಿಗೆ ಉತ್ತರ ಕೊಡುವ ಅಧಿಕಾರ ಕಾಯಂ ನೌಕರರಿಗೆ ಮಾತ್ರ. ತಾತ್ಕಾಲಿಕವಾಗಿ ಇದ್ದವರು ಉತ್ತರ ಕೊಟ್ಟರೆ ಅದು ಊರ್ಜಿತವಲ್ಲ. ಆದ್ದರಿಂದ ಆ ಹುದ್ದೆಯನ್ನು ನಮ್ಮ ದೂರುವಾಣಿಗೆ ಕೊಟ್ಟಿದ್ದೇವೆ.”

ಮತ್ತೆ ಚಪ್ಪಾಳೆ. ವೇದಿಕೆಯ ಮೇಲೆ ಕೈ ಮುಗಿದು ನಿಂತಿದ್ದವನನ್ನು ಸಾಹೇಬರು ಆಗ ನೋಡಿದರು. ಅವರ ಮುಖ ಅರಳಿತು.

“ಭೇಷ್! ಯಂತ್ರಕ್ಕೆ ಕೈಯಿಲ್ಲ ಅಂತ ನೀವೇ ತಿಳಿದು ಬಂದ್ರಲ್ಲ. ತಗೊಳ್ಳಿ. ಪಡೆದವರ ಸಹಿ ಅಂತ ಇದೆ ನೋಡಿ, ಅಲ್ಲೊಂದು ಹಾಕ್ಬಿಡಿ. ನಿಮ್ಮ ವಿಷಯಾನೂ ಇತ್ಯರ್ಥ ಆಯ್ತು. ಇನ್ಮೇಲೆ ನೀವು ಇದರ ಕೈಕೆಳಗೆ ತಾತ್ಕಾಲಿಕ ಸಹಾಯಕ.”

ಅವನು ಸಹಿ ಹಾಕಿದ. ಕೆಳಗಿಳಿದು ಬಂದು ಮೆಟ್ಟಿಲ ಮೇಲೆ ಕೂತ. ಅಷ್ಟರಲ್ಲಿ ಹೆಂಡತಿಯ ಫೋನು ಬಂತು.

“ಏನಾಯ್ತು ರೀ? ಕಾಯಂ ಆರ್ಡರ್ ಬಂತಾ?”

“ಬಂತು.”

“ನಿಜ್ವಾಗ್ಲೂ? ಕೈಲಿದೆಯಾ?”

“ಕೈಲೇ ಇದೆ. ಸಹಿ ಹಾಕಿ ಇಸ್ಕೊಂಡಿದೀನಿ.”

“ಮತ್ಯಾಕೆ ದನಿ ಹಂಗಿದೆ? ಸರಿಯಾಗಿ ಓದಿದ್ರಾ? ಹೆಸರು ಗಿಸರು ಎಲ್ಲಾ ಸರಿಯಾಗಿದೆಯಾ?”

ಸ್ವೆಟರಪ್ಪ ಕಾಗದವನ್ನು ಬಿಡಿಸಿ ನೋಡಿದ.

“ಮಿಕ್ಕಿದ್ದೆಲ್ಲ ಸರಿ ಇದೆ ಕಣೆ. ಹೆಸರೊಂದು ತಪ್ಪಾಗಿದೆ.”

“ಅಷ್ಟೇ ತಾನೇ? ಅದಕ್ಯಾಕೆ ಅಳ್ತೀರಿ,” ಎಂದಳು ಅವಳು. “ಅಲ್ಲೇ ಒಂದು ದೂರು ಕೊಟ್ಟು, ಉತ್ತರ ಇಸ್ಕೊಂಡೇ ಮನೆಗೆ ಬನ್ನಿ.”